ಪ್ರಾಯೋಗಿಕ ರೋಗಶಾಸ್ತ್ರದ ಇತಿಹಾಸ

ಜೀವಂತ ಪ್ರಾಣಿಯಲ್ಲಿ ಬೇಕೆಂದೇ ರೋಗವನ್ನು ಉಂಟುಮಾಡಿ, ಅದು ಹುಟ್ಟಿ ಬೆಳೆಯುವ ಬಗೆಯನ್ನು ಅಭ್ಯಸಿಸುವ ಶಾಖೆ ಪ್ರಾಯೋಗಿಕ ರೋಗಶಾಸ್ತ್ರ. ಇದು ಕವಲೊಡೆದದ್ದು ಶವಪರೀಕ್ಷೆಯಿಂದ. ಪಾದುವಾದ ಮೊರ್ಗಾನ್ಯಿ 1761ರಲ್ಲಿ, ನೂರಾರು ಶವಗಳನ್ನು ಪರೀಕ್ಷಿಸಿದ ಆಧಾರದ ಮೇಲೆ, ರೋಗಕ್ಕೆ ಅಂಗಾಂಗಗಳಲ್ಲಿ ನೆಲೆಯುಂಟೆಂದು ತೋರಿಸಿದರು. ಬರ್ಲಿನ್ನಿನ ರುಡಾಲ್ಫ್ ವಿರ್ಕೋ 1858ರಲ್ಲಿ ಆ ನೆಲೆಯನ್ನು ಜೀವಕೋಶದಲ್ಲಿ ಗುರುತಿಸಿದರು. ಆದರೆ ಶವದಲ್ಲಿ ಕಾಣುವುದು ರೋಗದ ಕೊನೆಯ ಸ್ಥಿತಿ. ಯಾವುದು ಮೊದಲಾಯಿತು, ಯಾವುದು ಅದರ ಪರಿಣಾಮ, ಯಾವುದು ಸಾವಿನ ನಂತರ ಆದದ್ದು ಎಂಬುದನ್ನು ಅದರಿಂದ ಬಿಡಿಸಿ ತಿಳಿಯುವುದು ಕಷ್ಟ. ವಿರ್ಕೋ ಅವರ ಶಿಷ್ಯ ಯೂಲಿಯುಸ್ ಕೋನ್‌ಹೈಮ್ 1867ರಲ್ಲಿ ಬದುಕಿರುವ ಕಪ್ಪೆಯ ಕರುಳಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಉರಿಯೂತದಲ್ಲಿ ಬಿಳಿ ರಕ್ತಕಣಗಳು ರಕ್ತನಾಳದ ಗೋಡೆ ದಾಟಿ ಹೊರಬರುವುದನ್ನು ಕಂಡರು. ಕೀವಿನ ಕಣಗಳು ಗಾಯವಾದ ಅಂಗಾಂಶದಲ್ಲೇ ಹುಟ್ಟುತ್ತವೆಂಬ ಗುರುವಿನ ಮತ ಇದರಿಂದ ಸಡಿಲವಾಯಿತು.

ಪ್ರಾಣಿಯಲ್ಲಿ ಕಂಡದ್ದು ಮನುಷ್ಯನಿಗೆ ಹೇಗೆ ಅನ್ವಯಿಸೀತು ಎಂಬುದು ಈ ಶಾಖೆಯ ಮೇಲಿನ ಹಳೆಯ ಆಕ್ಷೇಪ, ಮತ್ತು ಅದು ಹುರುಳಿಲ್ಲದ್ದಲ್ಲ. ಹುಳುವಿನಿಂದ ಇಲಿಗಳ ಜಠರದಲ್ಲಿ ಕ್ಯಾನ್ಸರ್ ತರಿಸಿದೆನೆಂದು ನಂಬಿದ್ದ ಡೆನ್ಮಾರ್ಕಿನ ಯೊಹಾನೆಸ್ ಫಿಬಿಗರ್ ಅವರಿಗೆ 1926ರ ನೊಬೆಲ್ ಬಹುಮಾನವೇ ಸಂದಿತು. ಆ ತೀರ್ಮಾನ ಮಾತ್ರ ನಿಲ್ಲಲಿಲ್ಲ. ಆದರೆ ಅದನ್ನು ಕೆಡವಿದ್ದೂ ಇಲಿಗಳ ಮೇಲೆ ಮತ್ತೆ ನಡೆದ ಪ್ರಯೋಗಗಳೇ. ಪ್ರಯೋಗ ಸೋಲುವುದು ಬಹುಮಟ್ಟಿಗೆ ಪ್ರಾಣಿ ಮನುಷ್ಯನಲ್ಲವೆಂಬ ಕಾರಣಕ್ಕಲ್ಲ. ಯಾವ ಪ್ರಾಣಿಯ ಯಾವ ಅಂಗದಲ್ಲಿ, ಎಷ್ಟು ಕಾಲ ಎಂಬ ಆಯ್ಕೆ ತಪ್ಪಿದ್ದಕ್ಕೆ. ಚಿಮಣಿ ಗುಡಿಸುವವರಿಗೆ ಮಸಿಯಿಂದ ಕ್ಯಾನ್ಸರ್ ಬರುತ್ತದೆಂದು ಲಂಡನ್ನಿನ ಪರ್ಸಿವಲ್ ಪಾಟ್ 1775ರಲ್ಲೇ ಬರೆದಿದ್ದರೂ ಪ್ರಾಣಿಗಳಲ್ಲಿ ಅದನ್ನು ತರಿಸಲು ಹೊರಟವರು ಕೈಚೆಲ್ಲಿದ್ದರು. ಟೋಕಿಯೋದ ಯಾಮಾಗಿವಾ ಮತ್ತು ಇಚಿಕಾವಾ ಮೊಲದ ಕಿವಿಗೆ ತಿಂಗಳುಗಟ್ಟಲೆ ಬಿಡದೆ ಕಲ್ಲಿದ್ದಲ ಟಾರು ಬಳಿದು 1915ರಲ್ಲಿ ಅದನ್ನು ಸಾಧಿಸಿದರು.

ಇದಕ್ಕಿಂತ ಬಲವಾದ ಸಾಕ್ಷ್ಯ ಕಲ್ಕತ್ತೆಯದು. ರಾಬರ್ಟ್ ಕಾಖ್ 1884ರಲ್ಲಿ ಅಲ್ಲಿ ಕಾಲರಾ ಸೂಕ್ಷ್ಮಾಣುವನ್ನು ಅಭ್ಯಸಿಸಿ, ಅದು ವಿಷವೊಂದನ್ನು ಸೂಸುತ್ತಿರಬೇಕೆಂದು ಊಹಿಸಿದ್ದರು. ಮುಂದಿನ ಎಪ್ಪತ್ತು ವರ್ಷಗಳಲ್ಲಿ ಆ ವಿಷ ಕೈಗೆ ಸಿಗಲಿಲ್ಲ. ಸತ್ತವರ ಕರುಳಿನ ಒಳಪೊರೆ ಕಳಚಿರುವುದನ್ನು ಕಂಡು, ಕಾಲರಾ ಅದನ್ನು ಸುಲಿದುಹಾಕುತ್ತದೆಂದು ಅನೇಕರು ನಂಬಿದ್ದರು. ಅದು ಸಾವಿನ ನಂತರ ಆಗುವ ಕಳಚುವಿಕೆ ಎಂಬುದು ಶವವನ್ನೇ ನೋಡುತ್ತಿದ್ದವರಿಗೆ ಸುಲಭವಾಗಿ ಹೊಳೆಯುವಂತಿರಲಿಲ್ಲ. ಶಂಭುನಾಥ ಡೇ 1953ರಲ್ಲಿ ಮೊಲದ ಸಣ್ಣ ಕರುಳಿನ ತುಂಡೊಂದನ್ನು ಎರಡೂ ಕಡೆ ದಾರದಿಂದ ಬಿಗಿದು, ಸೂಕ್ಷ್ಮಾಣುಗಳನ್ನು ನೇರವಾಗಿ ಅದರೊಳಕ್ಕೆ ಬಿಟ್ಟರು. ಕರುಳು ನೀರು ತುಂಬಿ ಉಬ್ಬಿತು. 1959ರಲ್ಲಿ ಸೂಕ್ಷ್ಮಾಣುಗಳನ್ನು ಸೋಸಿ ತೆಗೆದ ದ್ರವದಿಂದಲೂ ಅದೇ ಆಯಿತು. ವಿಷ ಇತ್ತು, ಅದು ಕೆಲಸ ಮಾಡುವ ಜಾಗ ಕರುಳಿನ ಒಳಗಿತ್ತು. ದುಬಾರಿ ಸಲಕರಣೆಯಿಲ್ಲದೆ ನಡೆದ ಈ ಕೆಲಸಕ್ಕೆ ಭಾರತದಲ್ಲಿ ಸಕಾಲದಲ್ಲಿ ಸಿಗಬೇಕಿದ್ದ ಮನ್ನಣೆ ಸಿಗಲಿಲ್ಲವೆಂಬುದು ನೋವಿನ ಸಂಗತಿ. 1960ರ ಹೊತ್ತಿಗೆ ಬದುಕಿರುವ ರೋಗಿಗಳ ಕರುಳಿನ ತುಣುಕುಗಳೂ ಒಳಪೊರೆ ಅಖಂಡವಾಗಿದೆಯೆಂದು ತೋರಿಸಿದವು. ಅಖಂಡವಾಗಿದ್ದರೆ ಅದು ಸಕ್ಕರೆಯೊಂದಿಗೆ ಉಪ್ಪು, ನೀರುಗಳನ್ನು ಹೀರಬಲ್ಲದು. 1971ರಲ್ಲಿ ಬಂಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬಿಸ್ ಸಕ್ಕರೆ, ಉಪ್ಪು ಬೆರೆಸಿದ ನೀರನ್ನು ಕುಡಿಸಿ ಕಾಲರಾ ಸಾವಿನ ಪ್ರಮಾಣವನ್ನು ಶೇ. 30ರ ಆಸುಪಾಸಿನಿಂದ ಶೇ. 4ಕ್ಕೂ ಕೆಳಗೆ ಇಳಿಸಿದರು.

ಎರಡನೆಯ ಆಕ್ಷೇಪ ನೈತಿಕವಾದದ್ದು, ಇನ್ನೂ ಗಂಭೀರವಾದದ್ದು. ಪ್ರಾಣಿಗಳ ನೋವಿಗೆ ಬೆಲೆ ಕಟ್ಟದೆ ನಡೆದ ಪ್ರಯೋಗಗಳು ಈ ಇತಿಹಾಸದಲ್ಲಿ ಬೇಕಾದಷ್ಟಿವೆ. ಬ್ರಿಟನ್ 1876ರಲ್ಲಿ ಕಾನೂನು ತಂದಿತು. 1959ರಲ್ಲಿ ರಸೆಲ್ ಮತ್ತು ಬರ್ಚ್ ಸಾಧ್ಯವಾದಲ್ಲಿ ಪ್ರಾಣಿಯ ಬದಲು ಬೇರೆ ವಿಧಾನ, ಕಡಿಮೆ ಪ್ರಾಣಿಗಳು, ಕಡಿಮೆ ನೋವು ಎಂಬ ಮೂರು ನಿಯಮಗಳನ್ನು ಮುಂದಿಟ್ಟರು. ಭಾರತದ ಪ್ರಾಣಿಹಿಂಸಾ ತಡೆ ಕಾಯ್ದೆ 1960ರದು. ಇಂದು ಮಾನವ ಕಾಂಡಕೋಶಗಳಿಂದ ಬೆಳೆಸಿದ ಪುಟ್ಟ ಅಂಗಗಳು ಎಷ್ಟೋ ಪ್ರಾಣಿಗಳ ಜಾಗವನ್ನು ತುಂಬಬಲ್ಲವು, ತುಂಬಲೇಬೇಕು. ಆದರೂ ಒಂದು ಅಂಗದ ಕೆಡುಕು ಇನ್ನೊಂದನ್ನು ಮುಟ್ಟುವ ರೋಗಗಳಲ್ಲಿ ಅವು ಸಾಲವು. 1934ರಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಯ ಮೂತ್ರಪಿಂಡದ ಅಪಧಮನಿಯನ್ನು ಕಿರಿದಾಗಿಸಿದಾಗ ಏರಿದ್ದು ಇಡೀ ದೇಹದ ರಕ್ತದೊತ್ತಡ. ಆ ಜಾಡು ಹಿಡಿದವರು ಆಂಜಿಯೋಟೆನ್ಸಿನ್ ಕಂಡುಕೊಂಡರು, ಅದನ್ನು ತಡೆಯುವ ಗುಳಿಗೆಗಳನ್ನು ಇಂದು ಕೋಟ್ಯಂತರ ಜನ ನಿತ್ಯ ನುಂಗುತ್ತಾರೆ.