ಇಲಿ, ಹಗೇವು ಮತ್ತು ಜೋಳದ ಚೀಲ

ಹೋದ ಸಲ ರಾಯಚೂರು ಕೋಟೆ, 1294ರ ಆ ಉದ್ದನೆಯ ಕಲ್ಲು ಶಾಸನದ ಬಗ್ಗೆ ಬರೆದಿದ್ದೆ. ಈ ಸಲ ರಾಜರೂ ಇಲ್ಲ, ಯುದ್ಧನೂ ಇಲ್ಲ. ಈ ಸಲ ಇಲಿ. ನಗಬ್ಯಾಡ್ರಿ, ಪೂರ್ತಿ ಓದ್ರಿ.

ರಾಶಿ ಮುಗಿದು ಜೋಳದ ಚೀಲ ಮನೆಗೆ ಬಂತು ಅಂದ್ರ ಅದರ ಹಿಂದೇನೇ ಇಲಿ ಬಂತು. ದೇವದುರ್ಗ, ಮಾನ್ವಿ ಕಡೆ ಹಳ್ಳಿಯವರಿಗೆ ಇದು ಗೊತ್ತಿರೋದೇ. ರಾಯಚೂರಿನಾಗ ರೂಮ್ ಮಾಡಿಕೊಂಡು ಓದೋ ನಮ್ಮಂಥವರಿಗೆ ಬಿಸ್ಕೀಟ್ ಪುಡಿಕೆ ತೂತು ಬಿದ್ದ ದಿನ ಗೊತ್ತಾಗ್ತದ. ಆಗ ಅಂಗಡಿಗೆ ಹೋಗಿ ಪೇಸ್ಟ್ ತರ್ತೀವಿ, ಅಂಟಿನ ಹಲಗೆ ತರ್ತೀವಿ. ಹಿಂದಿನವರು ಏನು ಮಾಡ್ತಿದ್ರು? ಅವರು ಇಲಿಯನ್ನು ಹಿಡಿಯೋದಕ್ಕಿಂತ ಕಾಳನ್ನು ಮುಚ್ಚಿಡೋದರ ಬಗ್ಗೆ ಹೆಚ್ಚು ತಲೆ ಓಡಿಸಿದ್ದರು.

ಅದಕ್ಕೆ ಮನೆಗಳೂ ಕಾರಣ. ದಪ್ಪ ಮಣ್ಣಿನ ಗೋಡೆ, ಜಂತಿ, ಮ್ಯಾಲೆ ಮಣ್ಣಿನ ಮಾಳಿಗೆ. ಬ್ಯಾಸಿಗ್ಯಾಗ ತಂಪು, ಆದರೆ ಜಂತಿ ಸಂದಿ, ಗೋಡೆ ಬಿರುಕು ಎಲ್ಲವೂ ಇಲಿಗೆ ಪುಕ್ಕಟೆ ಮನೆ. ಸಣ್ಣ ಇಲಿಗೆ ಪೆನ್ಸಿಲ್ ಹೋಗುವಷ್ಟು ತೂತು ಇದ್ದರೂ ಸಾಕು. ಬಸಿರಾಗಿ ಸುಮಾರು 20 ದಿನಕ್ಕೆ ಮರಿ ಹಾಕ್ತದ. ಅಂಥ ಮನೆಯೊಳಗೆ ಇಲಿಯನ್ನು ಪೂರ್ತಿ ತಡೆಯೋದು ಆಗದ ಮಾತು. ಹಾಲು-ಮೊಸರು ಸೂರಿನಿಂದ ಇಳಿಬಿಟ್ಟ ನೆಲುವಿಗೆ ಹೋದವು, ಬೀಜದ ಕಾಳು ಬೂದಿ ಬೆರೆಸಿ ಗಡಿಗೆಗೆ ಹೋಯಿತು, ವರ್ಷದ ಜೋಳ ನೆಲದೊಳಗೆ ಹೋಯಿತು.

ನೆಲದೊಳಗಿನ ಆ ಕಣಜವೇ ಹಗೇವು. ನೀರು ನಿಲ್ಲದ ಎತ್ತರದ, ಗಟ್ಟಿ ಮೊರಂ ನೆಲ ನೋಡಿ ಬಾಯಿ ಸಣ್ಣಗೆ, ಹೊಟ್ಟೆ ದೊಡ್ಡದಾಗಿ ಕುಣಿ ತೋಡ್ತಿದ್ರು, ದೊಡ್ಡ ಗಡಿಗೆಯನ್ನು ಹುಗಿದಂಗ. ತಳಕ್ಕೂ ಸುತ್ತಲಿಗೂ ಹುಲ್ಲು, ಹೊಟ್ಟು. ನಡುವೆ ಜೋಳ. ಬಾಯಿಗೆ ಚಪ್ಪಡಿ ಕಲ್ಲು, ಅದರ ಮ್ಯಾಲೆ ಕಲಸಿದ ಮಣ್ಣಿನ ಮೆತ್ತಿಗೆ. ಗಾಳಿ ಒಳಗೆ ಹೋಗೋ ಹಾಗಿಲ್ಲ. ಇಲ್ಲೇ ನೋಡ್ರಿ ಮಜಾ ಇರೋದು. ಕಾಳು ಸತ್ತ ವಸ್ತು ಅಲ್ಲ, ಅದೂ ಉಸಿರಾಡ್ತದ, ಒಳಗಿನ ಹುಳನೂ ಉಸಿರಾಡ್ತದ. ಸ್ವಲ್ಪ ದಿನಕ್ಕೆ ಆಮ್ಲಜನಕ ಖಾಲಿ ಆಗಿ ಇಂಗಾಲದ ಡೈಆಕ್ಸೈಡ್ ತುಂಬ್ತದ. ಹುಳ ಸಾಯ್ತಾವ, ಕಲ್ಲಿನ ಕೆಳಗೆ ಇಲಿ ಸುಳಿಯೋದಿಲ್ಲ, ಜೋಳ ವರ್ಷಗಟ್ಟಲೆ ಉಳಿತದ. ಬರಗಾಲ ಪದೇ ಪದೇ ಬೀಳೋ ಕೃಷ್ಣಾ-ತುಂಗಭದ್ರಾ ನಡುವಿನ ಈ ಸೀಮೆಗೆ ಅದೇ ಬ್ಯಾಂಕು. ಅದೇ ಗಾಳಿ ಮನುಷ್ಯನನ್ನೂ ಬಿಡೋದಿಲ್ಲ. ಹಗೇವು ತೆಗೆದ ಕೂಡಲೇ ಇಳಿದು ಉಸಿರುಗಟ್ಟಿ ಸತ್ತವರಿದ್ದಾರೆ. ಅದಕ್ಕೇ ಬಾಯಿ ತೆಗೆದು ಬಹಳ ಹೊತ್ತು ಹಾಗೇ ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯೋ ಪದ್ಧತಿ.

ಈಗ ಹೊಲದ ಇಲಿ. ವಾಲ್ಟರ್ ಎಲಿಯಟ್ ಅನ್ನೋ ಬ್ರಿಟಿಷ್ ಅಧಿಕಾರಿ ಗೊತ್ತೇನು? 1824ರಲ್ಲಿ ಕಿತ್ತೂರಿನ ಮೊದಲ ಯುದ್ಧದಾಗ ಥ್ಯಾಕರೆ ಸತ್ತ ಮೇಲೆ ರಾಣಿ ಚೆನ್ನಮ್ಮನ ಕಡೆಯವರು ಸೆರೆ ಹಿಡಿದ ಇಬ್ಬರಲ್ಲಿ ಒಬ್ಬ. ಬಿಡುಗಡೆಯಾದ ಮೇಲೂ ಧಾರವಾಡ ಸೀಮೆಯಲ್ಲೇ ವರ್ಷಗಟ್ಟಲೆ ಇದ್ದು, ಶಾಸನ ಓದುತ್ತಾ, ಪ್ರಾಣಿಗಳ ಪಟ್ಟಿ ಮಾಡುತ್ತಾ ಕುಂತ. 1839ರಲ್ಲಿ ಅಚ್ಚಾದ ಆ ಪಟ್ಟಿಯಲ್ಲಿ ನಮ್ಮ ಇಲಿಗಳೂ ಅದಾವ, ಇಲ್ಲಿನ ಜನ ಕರೆಯೋ ಹೆಸರಿನ ಸಮೇತ. ಕಾಳು ಕದ್ದು ಬಿಲದೊಳಗೆ ಕೂಡಿಡೋ ಇಲಿ ಬಗ್ಗೆ, ಆ ಬಿಲ ಅಗೆದು ಕಾಳು ತೆಗೆದು ತೊಳೆದು ಉಣ್ಣೋ ಬಡ ಜನರ ಬಗ್ಗೆ ಅವನು ಬರೆದ. ಹೊಲದ ಮೆತ್ತನೆ ಕೂದಲಿನ ಇಲಿಯ ವೈಜ್ಞಾನಿಕ ಹೆಸರು ಇವತ್ತಿಗೂ ‘ಮಿಲ್ಲಾರ್ಡಿಯಾ ಮೆಲ್ಟಾಡ’. ಆ ‘ಮೆಲ್ಟಾಡ’ ಅನ್ನೋದು ಮಣ್ಣು ಕೆಲಸದ ಜನ ಹೇಳಿದ ‘ಮೆಟ್ಟಾಡೆ’ ಅನ್ನೋ ಮಾತು, ಬರೆಯೋವಾಗ ಸ್ವಲ್ಪ ಕೆಟ್ಟದ್ದು. ಹೆಸರು ಕೊಟ್ಟವರ ಹೆಸರು ಮಾತ್ರ ಎಲ್ಲೂ ಇಲ್ಲ.

ಅದೇ ಇಲಿ ಮುಂದೆ ಕಂಟಕ ಆಯಿತು. 1876ರಿಂದ 78ರ ದೊಡ್ಡ ಬರ ಮುಗಿದು ಮಳೆ ಆಗಿ, ಜನ ಉಸಿರು ಬಿಡೋದರೊಳಗೆ ದಖ್ಖನ್ನಿನ ಹೊಲಗಳಿಗೆ ಇಲಿಗಳ ಹಿಂಡೇ ಬಿತ್ತು. ನಮ್ಮ ಪಕ್ಕದ ಕಲಾದಗಿ ಜಿಲ್ಲೆ, ಅಂದರೆ ಈಗಿನ ಬಾಗಲಕೋಟೆ-ವಿಜಯಪುರ ಕಡೆ, ನಿಂತ ಜೋಳ ನುಂಗಿದವು. ಸತ್ತ ಇಲಿಗೆ ಇಷ್ಟು ಅಂತ ಸರಕಾರ ಇನಾಮು ಕೊಡಬೇಕಾಯಿತು. ಬರದಲ್ಲಿ ಉಳಿದವರ ಅನ್ನ ಇಲಿ ಉಂಡಿತು. ಇದು ನಮ್ಮ ಪಠ್ಯಪುಸ್ತಕದಾಗ ಒಂದು ಸಾಲೂ ಇಲ್ಲ ಅನ್ನೋದು ನನ್ನ ಸಿಟ್ಟು.

ಇನ್ನು ಪ್ಲೇಗು. 1896ರಲ್ಲಿ ಮುಂಬೈಯ ಮಾಂಡ್ವಿಯಲ್ಲಿ ಶುರು (ನಮ್ಮ ಮಾನ್ವಿ ಅಲ್ಲ ಮತ್ತ, ಅದು ಬಂದರಿನ ಹತ್ತಿರ ಕಾಳಿನ ಗೋದಾಮುಗಳ ಜಾಗ). ಮುಂಬೈಯಿಂದ ಬಂದ ರೈಲು ಹಳಿ, ಮದ್ರಾಸಿನಿಂದ ಬಂದ ಹಳಿ ಒಂದಕ್ಕೊಂದು ಕೂಡಿದ್ದು ಎಲ್ಲಿ ಗೊತ್ತೇನು? ನಮ್ಮ ರಾಯಚೂರಿನಾಗ, 1871ರಲ್ಲಿ. ರೈಲಿನಲ್ಲಿ ಜನ ಅಷ್ಟೇ ಅಲ್ಲ, ಕಾಳಿನ ಚೀಲ, ಚೀಲದ ಜೊತೆ ಇಲಿ, ಇಲಿ ಮೈಮ್ಯಾಲಿನ ಚಿಗಟ ಎಲ್ಲವೂ ಓಡಾಡ್ತವೆ. ಹುಬ್ಬಳ್ಳಿಗೆ ಬಂತು, 1898ರಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲೇ ಬೆಂಗಳೂರಿಗೆ ಹೋಯಿತು, ನಿಜಾಮರ ಹೈದರಾಬಾದ್ ಸಂಸ್ಥಾನವನ್ನೂ ಬಿಡಲಿಲ್ಲ. ನಾವು ಆಗ ಆ ಸಂಸ್ಥಾನದವರೇ.

ಆಗಿನ ಜನರಿಗೆ ಒಂದು ಲೆಕ್ಕ ಇತ್ತು: ಮನೆಯಾಗ ಇಲಿ ಸತ್ತು ಬಿತ್ತು ಅಂದ್ರ ಮನೆ ಬಿಡು. ಊರಿಗೆ ಊರೇ ಖಾಲಿ ಮಾಡಿ ಹೊಲದಾಗ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರ್ತಿದ್ರು. ದೊಡ್ಡ ದೊಡ್ಡ ಡಾಕ್ಟರರು ಆಗಿನ್ನೂ ಕೆಟ್ಟ ಗಾಳಿ, ಹೊಲಸು ನೆಲ ಅಂತ ವಾದ ಮಾಡ್ತಿದ್ರು. 1898ರ ಜೂನ್‌ನಲ್ಲಿ ಕರಾಚಿಯಲ್ಲಿ ಪೌಲ್-ಲೂಯಿ ಸಿಮೊಂಡ್ ಅನ್ನೋ ಫ್ರೆಂಚ್ ವೈದ್ಯ ಚಿಗಟದಿಂದಲೇ ರೋಗ ಇಲಿಯಿಂದ ಇಲಿಗೆ ದಾಟ್ತದ ಅಂತ ತೋರಿಸಿದ. ಅವನ ಮಾತನ್ನು ಬಹಳ ವರ್ಷ ಯಾರೂ ಒಪ್ಪಲಿಲ್ಲ. ಇಲಿ ಸತ್ತು ತಣ್ಣಗಾದರೆ ಚಿಗಟ ಅದನ್ನು ಬಿಟ್ಟು ಮನುಷ್ಯನ ಮೈ ಹುಡುಕ್ತದ. ಮನೆ ಬಿಟ್ಟವರು ಬದುಕಿದ್ದು ಅದಕ್ಕೇ.

ಹಳೇ ಕಥೆ ಅಂದ್ಕೊಂಡ್ರಾ? 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಮನೆ ಬಿರುಕು ಬಿಟ್ಟ ಮೇಲೆ ಬೀಡ್ ಕಡೆಯ ಜನ ತಗಡಿನ ಶೆಡ್ಡಿಗೆ ಹೋದರು. ಕಾಳು ಮಾತ್ರ ಹಳೇ ಮನೆಯಲ್ಲೇ ಉಳಿಯಿತು. ಮನುಷ್ಯರಿಲ್ಲದ ಮನೆ, ತುಂಬಿದ ಚೀಲ. ಇಲಿ ಹೆಚ್ಚಿದವು, 1994ರ ಆಗಸ್ಟಿನಲ್ಲಿ ಬೀಡ್ ಜಿಲ್ಲೆಯ ಮಾಮ್ಲಾದಲ್ಲಿ ಪ್ಲೇಗು ಕಂಡಿತು. ಮರುತಿಂಗಳು ಸೂರತ್‌ನಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಬೀಡ್ ಕೂಡ ನಮ್ಮಂಗ ಹಳೇ ನಿಜಾಮ ಸೀಮೆಯ ಒಣ ಭೂಮಿ, ಜೋಳದ ನಾಡು.

ಹಗೇವು ಯಾಕ ಹೋದವು ಅನ್ನೋದಕ್ಕೆ ಉತ್ತರ ನಮ್ಮ ಕಾಲುವೆಯಲ್ಲೇ ಐತಿ ಅಂತ ನನಗನ್ನಿಸ್ತದ. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಗೆ ನೀರು ತಂತು, ಜೋಳದ ಜಾಗಕ್ಕೆ ಭತ್ತ ಬಂತು, ನೆಲದೊಳಗಿನ ನೀರು ಮ್ಯಾಲೆ ಬಂತು. ಹಸಿ ನೆಲದಾಗ ಹಗೇವು ತೋಡಿದರೆ ಕಾಳು ಬೂಸು ಹಿಡಿತದ. ದೇವದುರ್ಗ ಮುಂದೆ ನಾರಾಯಣಪುರ ಬಲದಂಡೆ ಕಾಲುವೆ ಬರೋತನಕ ಒಣಗೇ ಇತ್ತು. ಜೊತೆಗೆ ರೇಷನ್ ಅಕ್ಕಿ, ರಾಶಿ ಆದ ಕೂಡಲೇ ಗಂಜ್‌ಗೆ ಹೋಗೋ ಲಾರಿ. ಕೂಡಿಡೋ ಜರೂರತ್ತೇ ಕಡಿಮೆ ಆಯಿತು. ಉಳಿದ ನಾಲ್ಕು ಚೀಲ ಪಡಸಾಲೆಗೆ ಬಂದವು. ಇಲಿಗೆ ಅಷ್ಟು ಸಾಕು.

ಭತ್ತದ ಗದ್ದೆ ಜೊತೆ ಇನ್ನೊಂದು ಐತಿ: ಇಲಿ ಜ್ವರ. ಇಲಿ ಉಚ್ಚೆ ಸೇರಿದ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ಬರ್ತದ. ಗದ್ದೆಗೆ ಇಳಿದ ಮೇಲೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಂಡರೆ ಡಾಕ್ಟರಿಗೆ ‘ನೀರಿಗೆ ಇಳಿದಿದ್ದೆ’ ಅಂತ ತಪ್ಪದೆ ಹೇಳ್ರಿ. ಬೇಗ ಗೊತ್ತಾದರೆ ಸಾದಾ ಮಾತ್ರೆಗೆ ಬಗ್ಗೋ ರೋಗ ಅದು.

ಮನೆ ಇಲಿಗೆ ಏನು ಮಾಡಬೇಕು ಅಂತ ಡಿಎಂನಾಗ ಕೇಳ್ತೀರಿ. ವಿಷದ ಪೇಸ್ಟ್ ಬ್ಯಾಡ, ಅದೂ ಸಣ್ಣ ಮಕ್ಕಳಿರೋ ಮನೆಯಾಗ ಬ್ಯಾಡವೇ ಬ್ಯಾಡ. ಮಗು ಮುಟ್ಟಿತು ಅನ್ನೋ ಅನುಮಾನ ಬಂದರೂ ಕಾಯಬ್ಯಾಡ್ರಿ, ಸೀದಾ ಆಸ್ಪತ್ರೆಗೆ ಹೋಗ್ರಿ. ಕಾಳು ಮುಚ್ಚಳ ಇರೋ ತಗಡಿನ ಡಬ್ಬಿಗೆ ಹಾಕ್ರಿ. ತೂತಿಗೆ ಪಾತ್ರೆ ತಿಕ್ಕೋ ಸ್ಟೀಲ್ ನಾರು ತುರುಕಿ ಸಿಮೆಂಟು ಮೆತ್ರಿ. ಬೋನನ್ನು ಕೋಣೆ ನಡುವೆ ಅಲ್ಲ, ಗೋಡೆಗೆ ಹತ್ತಿ ಇಡ್ರಿ, ಇಲಿ ಗೋಡೆ ಗುಂಟ ಓಡ್ತದ. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬ್ಯಾಡ್ರಿ, ಒದ್ದೆ ಬಟ್ಟೆಯಿಂದ ಒರೆಸ್ರಿ. ಮತ್ತ ಉದ್ದ ಮೂತಿಯ, ಚಿಕ್‌ಚಿಕ್ ಅನ್ನೋ ಮೂಗಿಲಿ ಕಂಡರೆ ಬಿಟ್ಟುಬಿಡ್ರಿ, ಅದರ ಊಟ ಜೊಂಡಿಗ್ಯಾ, ನಿಮ್ಮ ಜೋಳ ಅಲ್ಲ.

ಮುಂದಿನ ಪೋಸ್ಟಿಗೆ ನನಗೆ ಫೋಟೊ ಬೇಕು. ನಿಮ್ಮ ಓಣಿಯಾಗ, ಅಜ್ಜನ ಮನಿ ಅಂಗಳದಾಗ ಹಗೇವಿನ ಬಾಯಿ ಮುಚ್ಚಿದ ಚಪ್ಪಡಿ ಇನ್ನೂ ಉಳಿದಿದ್ದರೆ ತೆಗೆದು ಕಳಿಸ್ರಿ, ಊರ ಹೆಸರು ಹಾಕ್ರಿ, ಕೊನೇ ಸಲ ಯಾವಾಗ ತುಂಬಿದ್ರು ಅಂತ ಅಜ್ಜಿನ ಕೇಳಿ ಬರೀರಿ. ಕಲ್ಲು ಮಾತ್ರ ಸರಿಸಬ್ಯಾಡ್ರಿ.