ಕಡುಬಣ್ಣದ ಕಾರಿನ ಸುಳಿಗೀರುಗಳು: ತೆಗೆಯುವ ಕ್ರಮ, ಮೆರುಗು ಉಳಿಸುವ ಕ್ರಮ

ಕಪ್ಪು, ಕಡುನೀಲಿ ಅಥವಾ ಕಡುಗೆಂಪು ಬಣ್ಣದ ಕಾರು ನೆರಳಿನಲ್ಲಿ ನಿಂತಾಗ ಹೊಸದರಂತೆಯೇ ಕಾಣುತ್ತದೆ. ಅದೇ ಕಾರು ಬಿಸಿಲಿಗೆ ಬಂದೊಡನೆ ಬಾನೆಟ್ಟಿನ ಮೇಲೆ ಜೇಡರಬಲೆಯಂತೆ ಸುತ್ತುಸುತ್ತಾದ ಸಣ್ಣ ಗೀರುಗಳು ತೋರುತ್ತವೆ. ವರ್ಕ್‌ಶಾಪಿನವರು ಇವನ್ನು ‘ಸ್ವರ್ಲ್ ಮಾರ್ಕ್’ ಎನ್ನುತ್ತಾರೆ; ಈ ಲೇಖನದಲ್ಲಿ ಸುಳಿಗೀರು ಎಂದು ಕರೆಯಲಾಗಿದೆ. ಇವುಗಳಿಂದ ಕಾರಿನ ಓಟಕ್ಕೆ ಯಾವ ತೊಂದರೆಯೂ ಇಲ್ಲ. ಆದರೆ ಇವನ್ನು ತೆಗೆಯುವ ಪ್ರತಿ ಸಲವೂ ಬಣ್ಣವನ್ನು ಕಾಯುವ ಪದರದ ಸ್ವಲ್ಪ ಭಾಗ ಸವೆಯುತ್ತದೆ, ಮತ್ತು ಸವೆದ ಪದರ ಮರಳಿ ಬೆಳೆಯುವುದಿಲ್ಲ. ಸಾಲ ತೆಗೆದು ಕೊಂಡ ಕಾರನ್ನು ಹತ್ತು ವರ್ಷವಾದರೂ ಓಡಿಸಬೇಕೆಂದಿರುವ ಕುಟುಂಬಗಳೂ ಬಾಡಿಗೆ ಕಾರಿನಿಂದ ಸಂಸಾರ ನಡೆಸುವವರೂ ಈ ಒಂದು ವಿಷಯವನ್ನು ಅರಿತಿದ್ದರೆ ಅನಗತ್ಯ ಖರ್ಚು ಮತ್ತು ಮರಳಿ ಬಾರದ ಹಾನಿ ಎರಡನ್ನೂ ತಪ್ಪಿಸಬಹುದು.

ಗೀರು ಇರುವುದು ಎಲ್ಲಿ?

ಇಂದಿನ ಕಾರುಗಳ ಬಣ್ಣ ಒಂದೇ ಪದರದ್ದಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ನಿಜವಾದ ಬಣ್ಣ, ಎಲ್ಲಕ್ಕೂ ಮೇಲೆ ‘ಕ್ಲಿಯರ್ ಕೋಟ್’ ಎಂಬ ಪಾರದರ್ಶಕ ಪದರ ಇರುತ್ತದೆ. ಇವೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಇದರಲ್ಲಿ ಪಾರದರ್ಶಕ ಪದರದ ಪಾಲು ಸುಮಾರು 35ರಿಂದ 50 ಮೈಕ್ರಾನ್ ಮಾತ್ರ. ಅಂದರೆ ನಮ್ಮ ತಲೆಗೂದಲಿಗಿಂತಲೂ ತೆಳು.

ಸುಳಿಗೀರುಗಳು ಈ ಪಾರದರ್ಶಕ ಪದರದ ಮೇಲ್ಭಾಗದಲ್ಲಿಯೇ ಇರುತ್ತವೆ. ಹೆಚ್ಚಿನವುಗಳ ಆಳ ಒಂದೆರಡು ಮೈಕ್ರಾನ್ ಅಷ್ಟೆ. ಪಾಲಿಷ್ ಮಾಡುವುದೆಂದರೆ ಗೀರನ್ನು ತುಂಬುವುದಲ್ಲ. ಗೀರಿನ ಸುತ್ತಲಿನ ಮೇಲ್ಮೈಯನ್ನು ಗೀರಿನ ತಳದ ಮಟ್ಟಕ್ಕೆ ಸವೆಸಿ ಸಮ ಮಾಡುವುದು. ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುವ ದ್ರವ್ಯಗಳು ಈ ಪದರದಲ್ಲಿಯೇ ಸೇರಿರುತ್ತವೆ. ಆದ್ದರಿಂದ ಅದು ಅತಿಯಾಗಿ ತೆಳುವಾದರೆ ಕೆಲವು ವರ್ಷಗಳಲ್ಲಿ ಬಣ್ಣ ಬಿಳುಚಿ, ಪದರ ಸಿಪ್ಪೆಯಂತೆ ಏಳತೊಡಗುತ್ತದೆ. ಆಗ ಪಾಲಿಷ್‌ನಿಂದ ಪ್ರಯೋಜನವಿಲ್ಲ, ಮರುಬಣ್ಣವೊಂದೇ ದಾರಿ.

ಸುತ್ತಾಗಿಯೇ ಕಾಣುವುದೇಕೆ?

ಇದನ್ನು ಮಕ್ಕಳು ಮನೆಯಲ್ಲಿಯೇ ಪರೀಕ್ಷಿಸಬಹುದು. ಬಹುಕಾಲ ಉಜ್ಜಿ ತೊಳೆದ ಸ್ಟೀಲ್ ತಟ್ಟೆಯೊಂದನ್ನು ಬಲ್ಬಿನ ಕೆಳಗೆ ಹಿಡಿಯಿರಿ. ಬಲ್ಬಿನ ಪ್ರತಿಬಿಂಬದ ಸುತ್ತ ವೃತ್ತಾಕಾರದ ಗೀರುಗಳು ಕಾಣುತ್ತವೆ. ತಲೆಯನ್ನು ಪಕ್ಕಕ್ಕೆ ಸರಿಸಿದರೆ ಆ ವೃತ್ತಗಳೂ ಪ್ರತಿಬಿಂಬದೊಡನೆ ಸರಿಯುತ್ತವೆ. ತಟ್ಟೆಯ ಗೀರುಗಳು ಚಲಿಸಲಾರವು, ಹಾಗಾದರೆ ಸರಿದದ್ದೇನು?

ಗೀರುಗಳು ನಿಜವಾಗಿ ಎಲ್ಲ ದಿಕ್ಕಿಗೂ ಹರಡಿರುತ್ತವೆ. ಪತನ ಕೋನವೂ ಪ್ರತಿಫಲನ ಕೋನವೂ ಸಮ ಎಂಬ ನಿಯಮದಂತೆ, ದೀಪದ ಪ್ರತಿಬಿಂಬದ ಸುತ್ತ ಬಳೆಯಂತೆ ಅಡ್ಡಲಾಗಿ ಬಿದ್ದ ಗೀರುಗಳು ಮಾತ್ರ ಬೆಳಕನ್ನು ನಮ್ಮ ಕಣ್ಣಿಗೆ ತಿರುಗಿಸುತ್ತವೆ. ಉಳಿದವು ಬೆಳಕನ್ನು ಬೇರೆಡೆಗೆ ಕಳುಹಿಸುವುದರಿಂದ ಕಾಣುವುದಿಲ್ಲ. ಹೀಗಾಗಿ ಬಟ್ಟೆಯನ್ನು ನೇರವಾಗಿ ಎಳೆದು ಒರೆಸಿದರೂ ಗೀರುಗಳು ಸುತ್ತಾಗಿಯೇ ತೋರುತ್ತವೆ.

ಕಡುಬಣ್ಣದಲ್ಲಿ ಇವು ಎದ್ದು ಕಾಣಲು ಕಾರಣವೂ ಸರಳ. ಬಿಳಿಯ ಬಣ್ಣ ತಾನೇ ಬೆಳಕನ್ನು ಎಲ್ಲೆಡೆ ಚದುರಿಸುತ್ತದೆ. ಅದರ ನಡುವೆ ಗೀರಿನ ಹೊಳಪು ಮುಳುಗಿಹೋಗುತ್ತದೆ. ಕಪ್ಪು ಬಣ್ಣ ಬೆಳಕನ್ನು ಹೀರಿಕೊಳ್ಳುವುದರಿಂದ ಗೀರು ಚದುರಿಸಿದ ಅಲ್ಪ ಬೆಳಕೂ ಅಲ್ಲಿ ಸ್ಪಷ್ಟವಾಗುತ್ತದೆ. ಬಿಳಿ ಕಾರಿಗೂ ಅಷ್ಟೇ ಗೀರುಗಳು ಬಿದ್ದಿರುತ್ತವೆ, ತೋರುವುದಿಲ್ಲ ಅಷ್ಟೆ.

ತುಡಿಯಲೂರಿನಲ್ಲಿ ಗೀರು ಬೀಳುವ ಬಗೆ

ಜೂನ್‌ನಿಂದ ಆಗಸ್ಟ್‌ವರೆಗೆ ಪಾಲಕ್ಕಾಡು ಕಣಿವೆಯ ಮೂಲಕ ನುಗ್ಗುವ ಗಾಳಿ ಕೊಯಮತ್ತೂರನ್ನು ಬಲವಾಗಿ ಬೀಸುತ್ತದೆ. ಕೇರಳದಲ್ಲಿ ಮಳೆ ಸುರಿಯುವ ಆ ತಿಂಗಳುಗಳಲ್ಲಿ ನಮ್ಮಲ್ಲಿ ಮಳೆ ಕಡಿಮೆ, ಧೂಳು ಹೆಚ್ಚು. ಮುಖ್ಯ ಮಳೆ ಬರುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಮೇಟ್ಟುಪಾಳಯಂ ರಸ್ತೆಯ ವಾಹನ ದಟ್ಟಣೆ, ಪಶ್ಚಿಮಕ್ಕೆ ತಡಾಗಂ ಕಡೆಯ ಕೆಮ್ಮಣ್ಣು ಇವೂ ಸೇರುತ್ತವೆ. ಮಣ್ಣಿನಲ್ಲಿರುವ ಸ್ಫಟಿಕ ಶಿಲೆಯ ಕಣಗಳು ಮೋಸ್ ಕಾಠಿಣ್ಯ ಮಾಪಕದಲ್ಲಿ 7ನೆಯ ಸ್ಥಾನದವು. ಕಾರಿನ ಪಾರದರ್ಶಕ ಪದರ ಅದರೆದುರು ಬಹಳ ಮೃದು. ಬೆಳಗ್ಗೆ ಒಣಬಟ್ಟೆಯಿಂದ ಕಾರನ್ನು ಒರೆಸುವ ಅಭ್ಯಾಸವೇ ಆದಕಾರಣ ಸುಳಿಗೀರುಗಳ ಮೊದಲ ಮೂಲ.

ಎರಡನೆಯದು ಬಟ್ಟೆ. ತಿರುಪ್ಪೂರಿನ ‘ಬನಿಯನ್ ವೇಸ್ಟ್’ ನಮ್ಮ ಭಾಗದ ವರ್ಕ್‌ಶಾಪುಗಳಲ್ಲಿ ಒರೆಸುವ ಬಟ್ಟೆಯಾಗಿ ಬಹಳ ಬಳಕೆಯಲ್ಲಿದೆ. ಎಣ್ಣೆ, ಗ್ರೀಸ್ ಒರೆಸಲು ಅದು ಒಳ್ಳೆಯದು. ಬಣ್ಣದ ಮೇಲೆ ಬಳಸತಕ್ಕದ್ದಲ್ಲ. ಅದರ ಹೊಲಿಗೆಯ ಗಡಸು ದಾರ ಮೇಲ್ಮೈಯನ್ನು ಗೀರುತ್ತದೆ. ಅಲ್ಲದೆ ಅದರ ಸಮತಟ್ಟಾದ ಹೆಣಿಗೆಯಲ್ಲಿ ಧೂಳು ಒಳಸೇರಲು ಎಡೆಯಿಲ್ಲದೆ ಬಟ್ಟೆಗೂ ಬಣ್ಣಕ್ಕೂ ನಡುವೆ ಉಳಿದು ಉಜ್ಜುತ್ತದೆ. ನವಿರಾದ ಎಳೆಗಳಿರುವ ಮೈಕ್ರೋಫೈಬರ್ ಬಟ್ಟೆ ಧೂಳನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಬಟ್ಟೆಯ ತೂಕ ಬಲ್ಲ ನಮ್ಮ ಮನೆಗಳವರು ಸುಮಾರು 350 ಜಿ.ಎಸ್.ಎಂ. ಅಥವಾ ಅದಕ್ಕೂ ಮೇಲಿನದನ್ನು, ಅಂಚಿನಲ್ಲಿ ಗಡಸು ಹೊಲಿಗೆ ಇಲ್ಲದ್ದನ್ನು ಆರಿಸಿಕೊಳ್ಳಲಿ.

ಮೂರನೆಯದು ನೀರು. ಕುಡಿಯುವ ಸಿಹಿನೀರು ಒಂದು, ಬೋರ್‌ವೆಲ್ಲಿನ ಉಪ್ಪುನೀರು ಇನ್ನೊಂದು ಎಂಬ ವಿಂಗಡಣೆ ಎಲ್ಲ ಮನೆಗಳಿಗೂ ತಿಳಿದದ್ದೇ. ಉಪ್ಪುನೀರು ಬಿಸಿಲಿನಲ್ಲಿ ಆರಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿಯ ಕಲೆಗಳಾಗಿ ಉಳಿಯುತ್ತವೆ. ಅವನ್ನು ಗಟ್ಟಿಯಾಗಿ ಉಜ್ಜಿದಾಗ ಹೊಸ ಗೀರು ಬೀಳುತ್ತದೆ.

ಕೆಲಸಕ್ಕೆ ಮುನ್ನ ಮೂರು ಪರೀಕ್ಷೆಗಳು

1. ಉಗುರಿನ ಪರೀಕ್ಷೆ: ಗೀರಿನ ಮೇಲೆ ಅಡ್ಡಲಾಗಿ ಉಗುರನ್ನು ಮೆಲ್ಲಗೆ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಅದು ಸುಳಿಗೀರಲ್ಲ, ಆಳದ ಗೀರು. ಪಾಲಿಷ್‌ನಿಂದ ಅದನ್ನು ಪೂರ್ತಿ ತೆಗೆಯಲು ಹೊರಟರೆ ಪದರವೇ ತೂತಾದೀತು.

2. ಬಿಳಿಬಟ್ಟೆಯ ಪರೀಕ್ಷೆ: ಕಣ್ಣಿಗೆ ಬೀಳದ ಮೂಲೆಯಲ್ಲಿ ಸ್ವಲ್ಪ ಪಾಲಿಷ್ ಹಾಕಿ ಬಿಳಿಬಟ್ಟೆಯಿಂದ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಮೇಲೆ ಪಾರದರ್ಶಕ ಪದರವಿಲ್ಲ ಎಂದರ್ಥ. ಹಳೆಯ ಕಾರುಗಳಲ್ಲಿ ಹೀಗಿರುವುದುಂಟು. ಅಲ್ಲಿ ಸವೆಯುವುದು ನೇರವಾಗಿ ಬಣ್ಣವೇ.

3. ದಪ್ಪದ ಅಳತೆ: ಹಿಂದೆ ಎಷ್ಟು ಸಲ ಪಾಲಿಷ್ ಆಗಿದೆಯೆಂದು ತಿಳಿಯದ ಸೆಕೆಂಡ್ ಹ್ಯಾಂಡ್ ಕಾರಾದರೆ, ಬಣ್ಣದ ದಪ್ಪ ಅಳೆಯುವ ಉಪಕರಣ ಇರುವಲ್ಲಿಗೆ ಒಯ್ಯಿರಿ. ಉಳಿದೆಡೆಗಿಂತ ಬಹಳ ಕಡಿಮೆ ಅಳತೆ ತೋರುವ ಭಾಗವನ್ನು ಮುಟ್ಟದಿರುವುದೇ ಲೇಸು. ಬಹಳ ಹೆಚ್ಚು ತೋರುವ ಭಾಗ ಮರುಬಣ್ಣ ಕಂಡದ್ದಿರಬಹುದು.

ಹೊಳಪಿಲ್ಲದ ಮ್ಯಾಟ್ ಬಣ್ಣದ ಕಾರನ್ನು ಎಂದಿಗೂ ಪಾಲಿಷ್ ಮಾಡಬಾರದು.

ತೆಗೆಯುವ ಕ್ರಮ

ಮೊದಲು ತೊಳೆಯುವುದು. ಕಾರು ನೆರಳಿನಲ್ಲಿರಲಿ, ತಗಡು ತಣ್ಣಗಿರಲಿ. ಎರಡು ಬಕೆಟ್ ಇಡಿ: ಒಂದರಲ್ಲಿ ಕಾರಿನ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ಮೊದಲು ಮಗ್ಗಿನಿಂದ ನೀರು ಸುರಿದು ಸಡಿಲ ಮಣ್ಣನ್ನು ಇಳಿಸಿ. ಅನಂತರ ಮೇಲಿನಿಂದ ಕೆಳಕ್ಕೆ ತೊಳೆಯುತ್ತ, ಪ್ರತಿ ಭಾಗವಾದ ಮೇಲೆ ಬಟ್ಟೆಯನ್ನು ಬರಿಯ ನೀರಿನಲ್ಲಿ ಜಾಲಿಸಿ. ಚಕ್ರಗಳಿಗೆ ಬೇರೆ ಬಟ್ಟೆ. ನೀರು ಆರುವ ಮೊದಲೇ ಒತ್ತದೆ ಒರೆಸಿ. ಕೊನೆಯ ಒಂದು ಬಕೆಟ್ ಸಿಹಿನೀರಾದರೆ ಬಿಳಿಯ ಕಲೆಗಳ ಕಾಟ ಬಹಳ ಕಡಿಮೆಯಾಗುತ್ತದೆ.

ಎರಡನೆಯದು ‘ಕ್ಲೇ ಬಾರ್’ ಎಂಬ ಮೆದು ಜೇಡಿಯ ಬಳಕೆ. ತೊಳೆದ ಕಾರಿನ ಮೇಲೆ ತೆಳು ಪ್ಲಾಸ್ಟಿಕ್ ಚೀಲ ಹೊದಿಸಿದ ಬೆರಳನ್ನು ಆಡಿಸಿದರೆ ತರಿತರಿ ಎನಿಸಿದಲ್ಲಿ ಲೋಹದ ಕಣ, ಮರದ ಅಂಟು ಮುಂತಾದವು ಅಂಟಿರುತ್ತವೆ. ಶಾಂಪೂ ನೀರನ್ನು ಧಾರಾಳವಾಗಿ ಸಿಂಪಡಿಸಿ ಜೇಡಿಯನ್ನು ಹಗುರವಾಗಿ ಜಾರಿಸಿದರೆ ಅವು ಕಿತ್ತುಬರುತ್ತವೆ. ಜೇಡಿ ನೆಲಕ್ಕೆ ಬಿದ್ದರೆ ಎಸೆದುಬಿಡಿ. ಮಣ್ಣು ಹತ್ತಿದ ಜೇಡಿ ಉಪ್ಪುಕಾಗದಕ್ಕೆ ಸಮ.

ಮೂರನೆಯದು ಪಾಲಿಷ್. ನಮ್ಮ ಕಡೆ ‘ರಬ್ಬಿಂಗ್’ ಎಂದರೆ ಒರಟು ಕಾಂಪೌಂಡಿನಿಂದ ಉಜ್ಜುವುದು, ‘ಪಾಲಿಷ್’ ಎಂದರೆ ನವಿರಾದ ದ್ರವ್ಯದಿಂದ ಮುಗಿಸುವುದು. ಎಲ್ಲ ಕಾರಿಗೂ ರಬ್ಬಿಂಗ್ ಬೇಕಿಲ್ಲ. ಬಾನೆಟ್ಟಿನ ಮೇಲೆ ಸುಮಾರು 50 ಸೆಂ.ಮೀ. ಚೌಕವನ್ನು ಗುರುತಿಸಿ, ಮೊದಲು ಅತ್ಯಂತ ನವಿರಾದ ಪಾಲಿಷ್ ಮತ್ತು ಮೆದು ಸ್ಪಂಜಿನಿಂದ ಪ್ರಯತ್ನಿಸಿ. ಅದರಿಂದಲೇ ಗೀರು ಹೋದರೆ ಇಡೀ ಕಾರಿಗೆ ಅಷ್ಟೇ ಸಾಕು. ಹೋಗದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲೇರಿ.

ಯಂತ್ರಗಳಲ್ಲಿ ಎರಡು ಬಗೆ. ರೋಟರಿ ಯಂತ್ರ ಒಂದೇ ಅಕ್ಷದಲ್ಲಿ ವೇಗವಾಗಿ ತಿರುಗುತ್ತದೆ. ಬೇಗ ಸವೆಸುತ್ತದೆ, ಬೇಗ ಬಿಸಿಯೇರಿಸುತ್ತದೆ. ಪಳಗದ ಕೈಯಲ್ಲಿ ಅದು ಅಂಚುಗಳ ಬಣ್ಣವನ್ನು ಸುಟ್ಟು, ತಾನೇ ಹೊಸ ಸುಳಿಗಳನ್ನು ಬಿಡುತ್ತದೆ. ‘ಡ್ಯುಯಲ್ ಆಕ್ಷನ್’ ಯಂತ್ರ ತಿರುಗುತ್ತಲೇ ಓಲಾಡುವುದರಿಂದ ಬಿಸಿ ಒಂದೆಡೆ ನಿಲ್ಲುವುದಿಲ್ಲ. ಮನೆಯಲ್ಲಿ ಮಾಡುವವರಿಗೆ ಇದೇ ಸೂಕ್ತ. ಅಂಚು, ಮಡಿಕೆ, ರಬ್ಬರ್ ಪಟ್ಟಿಗಳಿಗೆ ಕಾಗದದ ಟೇಪ್ ಅಂಟಿಸಿ. ಒಂದು ಚೌಕದ ಮೇಲೆ ನಿಧಾನವಾಗಿ, ಒಂದು ಸಾಲು ಇನ್ನೊಂದರ ಅರ್ಧವನ್ನು ಮುಚ್ಚುವಂತೆ ನಾಲ್ಕರಿಂದ ಆರು ಸಲ ಆಡಿಸಿ ಒರೆಸಿ. ಸ್ಪಂಜನ್ನು ಆಗಾಗ ಶುಚಿಗೊಳಿಸಿ. ಪ್ಲಾಸ್ಟಿಕ್ ಬಂಪರ್ ತಗಡಿನಷ್ಟು ಬೇಗ ಬಿಸಿಯನ್ನು ಹರಡದ ಕಾರಣ ಅಲ್ಲಿ ಹೆಚ್ಚು ಎಚ್ಚರ ಬೇಕು. ಬರಿಗೈಯಿಂದಲೂ ಪಾಲಿಷ್ ಮಾಡಬಹುದು. ಗೀರುಗಳು ತುಸು ಕಡಿಮೆಯಾಗುತ್ತವೆ, ಪೂರ್ತಿ ಹೋಗುವುದು ಅಪರೂಪ.

ಹೋಯಿತೇ, ಮರೆಯಾಯಿತೇ?

ಅನೇಕ ಪಾಲಿಷ್‌ಗಳಲ್ಲಿ ಎಣ್ಣೆ ಮತ್ತು ಗೀರು ತುಂಬುವ ದ್ರವ್ಯಗಳಿರುತ್ತವೆ. ಮುಗಿದೊಡನೆ ಕಾರು ಕನ್ನಡಿಯಂತೆ ಹೊಳೆದು, ನಾಲ್ಕಾರು ಸಲ ತೊಳೆದ ಮೇಲೆ ಹಳೆಯ ಗೀರುಗಳು ಮರಳಿ ತೋರುವುದು ಇದರಿಂದಲೇ. ಸಮಪ್ರಮಾಣದ ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಆ ಭಾಗವನ್ನು ಮೆಲ್ಲಗೆ ಒರೆಸಿ, ಮೊಬೈಲ್ ಟಾರ್ಚ್ ಹಿಡಿದು ನೋಡಿ. ಆಗಲೂ ಗೀರು ಕಾಣದಿದ್ದರೆ ಅದು ನಿಜವಾಗಿ ಹೋಗಿದೆ. ಹಣ ಕೊಡುವ ಮುನ್ನ ಈ ಪರೀಕ್ಷೆಯನ್ನು ಕೇಳುವುದು ಗ್ರಾಹಕರ ಹಕ್ಕು. ಒಳ್ಳೆಯ ಕೆಲಸಗಾರ ಅದಕ್ಕೆ ಬೇಸರಪಡುವುದಿಲ್ಲ.

ಮೆರುಗಿನ ಕಾವಲು

ಪಾಲಿಷ್ ಆದ ಮೇಲ್ಮೈಗೆ ಹೊದಿಕೆ ಬೇಕು. ಬ್ರೆಜಿಲ್ ದೇಶದ ತಾಳೆಜಾತಿಯ ಮರದೆಲೆಯಿಂದ ಬರುವ ಕಾರ್ನೂಬಾ ಮೇಣ ನಮ್ಮ ಬಿಸಿಲಿಗೆ ಕೆಲವು ವಾರಗಳು ನಿಲ್ಲುತ್ತದೆ. ಕೃತಕ ಸೀಲೆಂಟ್ ಕೆಲವು ತಿಂಗಳು ಬಾಳುತ್ತದೆ. ಸಿಲಿಕಾ ಆಧಾರದ ಸೆರಾಮಿಕ್ ಲೇಪ, ಸರಿಯಾಗಿ ಹಚ್ಚಿದರೆ, ವರ್ಷಕ್ಕೂ ಮೇಲೆ ಬಾಳುತ್ತದೆ. ಆದರೆ ಲೇಪವಿದೆಯೆಂದು ಒಣಬಟ್ಟೆಯಲ್ಲಿ ಒರೆಸಿದರೆ ಅದರ ಮೇಲೂ ಸುಳಿಗೀರು ಬೀಳುತ್ತದೆ. ಗೀರುಗಳನ್ನು ತೆಗೆಯದೆ ಲೇಪ ಹಚ್ಚಿದರೆ ಅವು ಅದರಡಿಯಲ್ಲಿಯೇ ಉಳಿಯುತ್ತವೆ.

ಹಕ್ಕಿಯ ಹಿಕ್ಕೆ ಕಂಡ ದಿನವೇ ಒದ್ದೆಬಟ್ಟೆಯನ್ನು ಅದರ ಮೇಲಿಟ್ಟು ನೆನೆಸಿ ತೆಗೆಯಿರಿ. ಅದರ ಆಮ್ಲ ಬಿಸಿಲಿನಲ್ಲಿ ಪದರವನ್ನು ತಿನ್ನುತ್ತದೆ. ಪಾತ್ರೆ ತೊಳೆಯುವ ಸೋಪನ್ನು ರೂಢಿಯಾಗಿ ಬಳಸಬೇಡಿ. ಅದು ಮೇಣವನ್ನು ಕಳೆಯುತ್ತದೆ. ಮೈಕ್ರೋಫೈಬರ್ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ, ಇಸ್ತ್ರಿ ಮಾಡಬೇಡಿ. ರಸ್ತೆಬದಿಯ ವಾಟರ್ ವಾಶ್ ಅಂಗಡಿಗೆ ಕೊಡುವವರು ನೀರಿನ ರಭಸದಿಂದ ಮಣ್ಣನ್ನಷ್ಟೇ ಇಳಿಸಿಕೊಟ್ಟರೆ ಸಾಕೆಂದು ಹೇಳಿ, ಒರೆಸಲು ಮನೆಯ ಬಟ್ಟೆಯನ್ನೇ ಕೊಡಲಿ. ಅಲ್ಲಿ ದುಡಿಯುವ ಹುಡುಗರಿಗೆ ಈ ಕಾರಣಗಳನ್ನು ತಿಳಿಸಿ ಹೇಳಿದರೆ ಅವರ ಕೆಲಸಕ್ಕೂ ಬೆಲೆ ಬರುತ್ತದೆ.

ಸರಿಯಾಗಿ ತೊಳೆಯುವ ಕುಟುಂಬಕ್ಕೆ ವರ್ಷಕ್ಕೊಮ್ಮೆ ರಬ್ಬಿಂಗ್ ಮಾಡಿಸುವ ಅಗತ್ಯವೇ ಬೀಳುವುದಿಲ್ಲ. ನವಿರಾದ ಒಂದು ಪಾಲಿಷ್‌ಗೆ ಒಂದರಿಂದ ಮೂರು ಮೈಕ್ರಾನ್ ಸವೆಯುತ್ತದೆ. ರಬ್ಬಿಂಗ್‌ಗೆ ಅದಕ್ಕೂ ಹೆಚ್ಚು. ಇಡೀ ಪದರದಲ್ಲಿ ನಷ್ಟವಾಗಬಹುದಾದ ಪಾಲು ಕೆಲವೇ ಮೈಕ್ರಾನ್. ಆ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು, ನಿಜವಾಗಿ ಬೇಕಾದಾಗ ಮಾತ್ರ ಯಂತ್ರವನ್ನು ಕೈಗೆತ್ತಿಕೊಳ್ಳುವುದು ಜಾಣತನ.