ನಿಂತ ಲಾರಿಯ ಅಪಾಯ: ಹಮಾಲರು ಬೀಳದಂತೆ ತಡೆಯುವುದು ಹೇಗೆ?

ಸರಕು ಸಾಗಣೆಯ ಅಪಘಾತವೆಂದರೆ ಹೆದ್ದಾರಿಯಲ್ಲಿ ನಡೆಯುವ ಡಿಕ್ಕಿಯೇ ಸಾಮಾನ್ಯವಾಗಿ ನೆನಪಿಗೆ ಬರುತ್ತದೆ. ಆದರೆ ಎಂಜಿನ್ ನಿಲ್ಲಿಸಿ ಗೋದಾಮಿನ ಮುಂದೆ ನಿಂತ ಲಾರಿಯೂ ಜೀವಕ್ಕೆ ಎರವಾಗಬಲ್ಲದು. ಸರಕು ತುಂಬುವಾಗ, ಇಳಿಸುವಾಗ, ಟಾರ್ಪಾಲು ಹೊದಿಸುವಾಗ, ಹಗ್ಗ ಬಿಗಿಯುವಾಗ ಹಮಾಲರು, ಚಾಲಕರು ಹಾಗೂ ಕ್ಲೀನರ್‌ಗಳು ಆಯತಪ್ಪಿ ಬೀಳುವುದುಂಟು. ಬೆಂಗಳೂರಿನ ಯಶವಂತಪುರ ಮಾರುಕಟ್ಟೆ ಪ್ರಾಂಗಣ, ಹುಬ್ಬಳ್ಳಿಯ ಅಮರಗೋಳ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಂತಹ ಸ್ಥಳಗಳಲ್ಲಿ ಈ ಕೆಲಸ ನಿತ್ಯವೂ ನಡೆಯುತ್ತದೆ. ಇಂತಹ ಬಹುತೇಕ ಅವಘಡಗಳನ್ನು ಸರಳ ವ್ಯವಸ್ಥೆಗಳಿಂದಲೇ ತಡೆಯಬಹುದು.

ಎತ್ತರ ಕಡಿಮೆ, ಪೆಟ್ಟು ಕಡಿಮೆಯಲ್ಲ

ಲಾರಿಯ ತಳಹಲಗೆಯಾಗಲಿ, ಗೋದಾಮಿನ ಲೋಡಿಂಗ್ ಕಟ್ಟೆಯಾಗಲಿ ನೆಲದಿಂದ ಸುಮಾರು 1.2 ಮೀಟರ್, ಅಂದರೆ 4 ಅಡಿ ಎತ್ತರದಲ್ಲಿರುತ್ತದೆ. ಈ ಎತ್ತರವನ್ನು ಯಾರೂ ಅಪಾಯವೆಂದು ಎಣಿಸುವುದಿಲ್ಲ. ಆದರೆ ಅಲ್ಲಿಂದ ಬಿದ್ದ ವ್ಯಕ್ತಿ ಅರ್ಧ ಸೆಕೆಂಡಿನೊಳಗೆ ಗಂಟೆಗೆ ಸುಮಾರು 17 ಕಿ.ಮೀ. ವೇಗದಲ್ಲಿ ನೆಲಕ್ಕೆ ಅಪ್ಪಳಿಸುತ್ತಾನೆ. ಕೈ ಊರಿಕೊಳ್ಳಲು ಈ ಅವಧಿ ಸಾಲದು. ಹಿಮ್ಮುಖವಾಗಿ ಬಿದ್ದರೆ ತಲೆ ಅಥವಾ ಬೆನ್ನೇ ಮೊದಲು ನೆಲಕ್ಕೆ ತಾಗಬಹುದು. ಬೆನ್ನ ಮೇಲೆ ಮೂಟೆಯಿದ್ದರೆ ಅದರ ಭಾರವೂ ಮೈಮೇಲೆ ಬೀಳುತ್ತದೆ.

ತುಂಬಿದ ಲಾರಿಯ ಮೇಲ್ಭಾಗ ಸುಮಾರು 3.5 ಮೀಟರಿನಷ್ಟು ಎತ್ತರವಿರಬಹುದು. ಅಲ್ಲಿಂದ ಬಿದ್ದಾಗಿನ ವೇಗ ಗಂಟೆಗೆ 30 ಕಿ.ಮೀ. ಸಮೀಪಿಸುತ್ತದೆ. ಇಲ್ಲೊಂದು ವಿಚಿತ್ರವಿದೆ. ಸಿಮೆಂಟಿನಂತಹ ಭಾರದ ಸರಕು ಲಾರಿಯ ತೂಕದ ಮಿತಿಯನ್ನು ಬೇಗ ಮುಟ್ಟುವುದರಿಂದ ಅದರ ರಾಶಿ ತಗ್ಗಾಗಿಯೇ ಇರುತ್ತದೆ. ಒಣ ಮೆಣಸಿನಕಾಯಿ, ಹತ್ತಿ, ಹೊಟ್ಟಿನಂತಹ ಹಗುರ ಸರಕನ್ನು ಮಾತ್ರ ಎತ್ತರಕ್ಕೆ ಪೇರಿಸಲಾಗುತ್ತದೆ. ಹೊರುವುದಕ್ಕೆ ಹಗುರವಾದ ಸರಕೇ ಬೀಳುವ ಅಪಾಯವನ್ನು ಹೆಚ್ಚಿಸುತ್ತದೆ. ಮೆತ್ತಗಿನ ಚೀಲಗಳ ಮೇಲೆ ಕಾಲು ಭದ್ರವಾಗಿ ನಿಲ್ಲುವುದೂ ಇಲ್ಲ.

ಬೀಳುವ ಸಂದರ್ಭಗಳು

ಕಾರ್ಮಿಕನ ಅಜಾಗರೂಕತೆಯೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ವಾಡಿಕೆ. ಆದರೆ ಅವಘಡಗಳು ಬಹುಮಟ್ಟಿಗೆ ಕೆಲವೇ ನಿರ್ದಿಷ್ಟ ಸಂದರ್ಭಗಳಲ್ಲಿ ಮರುಕಳಿಸುತ್ತವೆ.

ಮೊದಲನೆಯದು, ಹತ್ತುವ ಮತ್ತು ಇಳಿಯುವ ಗಳಿಗೆ. ಏಣಿಯಿಲ್ಲದ ಕಡೆ ಚಕ್ರ, ಬಂಪರ್, ಹಿಂಬಾಗಿಲಿನ ಕೊಂಡಿಗಳೇ ಮೆಟ್ಟಿಲಾಗುತ್ತವೆ. ಕೆಲಸ ಮುಗಿದೊಡನೆ ನೆಲಕ್ಕೆ ಜಿಗಿಯಲಾಗುತ್ತದೆ. ಎರಡನೆಯದು, ಕಟ್ಟೆಗೂ ಲಾರಿಗೂ ನಡುವೆ ಹಾಕಿದ ಹಲಗೆ. ಕಟ್ಟಿ ನಿಲ್ಲಿಸದ ಹಲಗೆ ಮೂಟೆ ಹೊತ್ತವನ ಹೆಜ್ಜೆಗೆ ಜಾರುತ್ತದೆ. ಮೂರನೆಯದು, ಹಗ್ಗ ಬಿಗಿಯುವ ಕೆಲಸ. ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ಎಳೆಯುವಾಗ ಸವೆದ ಹಗ್ಗ ತುಂಡಾದರೆ ಎಳೆಯುವವನು ಹಿಮ್ಮುಖವಾಗಿ ಬೀಳುತ್ತಾನೆ. ನಾಲ್ಕನೆಯದು, ಲಾರಿ ಅಕಾಲದಲ್ಲಿ ಚಲಿಸುವುದು. ಸರಕು ಇಳಿಸಿ ಮುಗಿಯಿತೆಂದು ಭಾವಿಸಿ ಚಾಲಕ ಮುಂದೆ ಸಾಗಿದರೆ ಒಳಗಿದ್ದವನಿಗೆ ಕಾಲಡಿಯ ನೆಲವೇ ಇಲ್ಲದಂತಾಗುತ್ತದೆ. ಇವಕ್ಕೆ ಮಳೆನೀರು, ಚೆಲ್ಲಿದ ಎಣ್ಣೆ, ಧಾನ್ಯದ ಕಾಳು, ಮಂದ ಬೆಳಕು ಜೊತೆಗೂಡುತ್ತವೆ.

ಲಾರಿಯ ಮೇಲೆ ಕೈಗೊಳ್ಳಬೇಕಾದ ಕ್ರಮಗಳು

ಎತ್ತರದ ಕೆಲಸವನ್ನು ನೆಲದಿಂದಲೇ ಮಾಡುವಂತಾದರೆ ಬೀಳುವ ಪ್ರಶ್ನೆಯೇ ಉದ್ಭವಿಸದು. ಆದ್ದರಿಂದ ಸುರಕ್ಷತೆಯ ಮೊದಲ ಮೆಟ್ಟಿಲು ಇದೇ. ನೆಲದಲ್ಲಿ ನಿಂತು ಎಳೆಯಬಹುದಾದ ಟಾರ್ಪಾಲು ಹಾಗೂ ಪಕ್ಕದ ಪರದೆಯುಳ್ಳ ವಾಹನಗಳು ಇದಕ್ಕೆ ನೆರವಾಗುತ್ತವೆ. ತೈಲ ಟ್ಯಾಂಕರ್‌ಗಳಿಗೆ ಮೇಲಿನ ಮುಚ್ಚಳ ತೆರೆದು ತುಂಬುವ ಬದಲು ಕೆಳಗಿನ ಕೊಳವೆಯ ಮೂಲಕ ತುಂಬುವ ವಿಧಾನವೂ ಇದೇ ತತ್ವದ್ದು. ಚೀಲಗಳನ್ನು ಮರದ ಪ್ಯಾಲೆಟ್ಟುಗಳ ಮೇಲೆ ಜೋಡಿಸಿ ಫೋರ್ಕ್‌ಲಿಫ್ಟ್‌ನಿಂದ ಏರಿಸಿದರೆ ಹೊರೆಯೊಂದಿಗೆ ಎತ್ತರಕ್ಕೆ ಹತ್ತುವುದು ತಪ್ಪುತ್ತದೆ.

ಹತ್ತಲೇಬೇಕಾದಾಗ ಹಿಡಿಕೆಯುಳ್ಳ ಏಣಿ ಅಥವಾ ಚಕ್ರದ ಮೆಟ್ಟಿಲು ಇರಬೇಕು. ಎರಡು ಕೈ, ಎರಡು ಕಾಲುಗಳಲ್ಲಿ ಯಾವುದಾದರೂ ಮೂರು ಸದಾ ಆಸರೆಗೆ ತಾಗಿರಬೇಕು. ಮುಖ ವಾಹನದ ಕಡೆಗೇ ಇರಬೇಕು. ಕೈಯಲ್ಲಿ ಸಾಮಾನು ಹಿಡಿದು ಹತ್ತುವುದು, ಜಿಗಿದು ಇಳಿಯುವುದು ಸಲ್ಲದು. ಅಂಚಿಗೆ ಬೆನ್ನು ಮಾಡಿ ಹಿಂದಕ್ಕೆ ಹೆಜ್ಜೆಯಿಡಬಾರದು. ಹಗ್ಗವನ್ನು ನೆಲದಲ್ಲಿ ನಿಂತೇ ಬಿಗಿಯಬೇಕು. ರ‍್ಯಾಚೆಟ್ ಪಟ್ಟಿಗಳು ಈ ಕೆಲಸವನ್ನು ಇನ್ನಷ್ಟು ಸುಲಭಗೊಳಿಸುತ್ತವೆ.

ಲೋಡಿಂಗ್ ಕಟ್ಟೆಯ ಬಳಿ

ಕಟ್ಟೆಯ ಅಂಚಿಗೆ ಎದ್ದುಕಾಣುವ ಹಳದಿ ಪಟ್ಟಿ ಬಳಿಯುವುದು ಅತ್ಯಂತ ಕಡಿಮೆ ಖರ್ಚಿನ ಕ್ರಮ. ಲಾರಿ ನಿಲ್ಲದ ವೇಳೆಯಲ್ಲಿ ಅಂಚಿಗೆ ಸರಪಳಿ ಅಥವಾ ತೆಗೆದುಹಾಕಬಹುದಾದ ಕಂಬಿ ಅಡ್ಡವಿರಬೇಕು. ಸಡಿಲ ಹಲಗೆಯ ಬದಲಿಗೆ ಕೊಕ್ಕೆಯುಳ್ಳ ಲೋಹದ ಸೇತುಹಲಗೆ ಬಳಸಬೇಕು. ದೊಡ್ಡ ಗೋದಾಮುಗಳಲ್ಲಿ ವಾಹನದ ಎತ್ತರಕ್ಕೆ ತಕ್ಕಂತೆ ಏರಿಳಿಯುವ ಡಾಕ್ ಲೆವೆಲರ್ ಅಳವಡಿಸಬಹುದು.

ಲಾರಿ ಚಲಿಸದಂತೆ ಹ್ಯಾಂಡ್‌ಬ್ರೇಕ್ ಹಾಕಿ ಚಕ್ರಗಳಿಗೆ ಅಡೆಯಿಡಬೇಕು. ಇದಕ್ಕಿಂತಲೂ ಫಲಕಾರಿಯಾದುದು ಕೀಲಿಯ ನಿಯಮ. ಕೆಲಸ ಆರಂಭವಾಗುವ ಮುನ್ನ ಚಾಲಕ ಕೀಲಿಯನ್ನು ಗೋದಾಮಿನ ಮೇಲ್ವಿಚಾರಕನಿಗೆ ಒಪ್ಪಿಸಬೇಕು. ಒಳಗೆ ಯಾರೂ ಇಲ್ಲವೆಂದು ಕಣ್ಣಾರೆ ಕಂಡ ನಂತರವೇ ಅದನ್ನು ಹಿಂದಿರುಗಿಸಬೇಕು. ಇದಕ್ಕೆ ತಗಲುವ ವೆಚ್ಚ ಒಂದು ಮೊಳೆ ಮಾತ್ರ.

ಸುರಕ್ಷಾ ಬೆಲ್ಟಿನ ಮಿತಿ

ಬೆಲ್ಟ್ ಹಂಚಿದರೆ ಹೊಣೆ ಮುಗಿಯಿತೆಂಬ ನಂಬಿಕೆ ತಪ್ಪು. ಸುಮಾರು 2 ಮೀಟರ್ ಉದ್ದದ ಹಗ್ಗ, ಆಘಾತ ತಗ್ಗಿಸಲು ಬಿಚ್ಚಿಕೊಳ್ಳುವ ಪಟ್ಟಿ, ಧರಿಸಿದವನ ಎತ್ತರ ಇವೆಲ್ಲ ಸೇರಿದರೆ ಕಾಲಮಟ್ಟದಲ್ಲಿ ಕೊಕ್ಕೆ ಹಾಕಿದವನು ನೆಲ ಮುಟ್ಟದೆ ತಡೆಹಿಡಿಯಲ್ಪಡಲು 5 ಮೀಟರಿಗೂ ಹೆಚ್ಚು ಅಂತರ ಬೇಕಾಗುತ್ತದೆ. ಲಾರಿಯ ಮೇಲಿಂದ ಅಷ್ಟು ಅಂತರವೇ ಇಲ್ಲ. ಆದ್ದರಿಂದ ತಲೆಯ ಮೇಲೆ ಭದ್ರವಾದ ತೊಲೆ ಅಥವಾ ತಂತಿಯಿದ್ದು, ತಾನಾಗಿ ಸುತ್ತಿಕೊಳ್ಳುವ ಹಗ್ಗಕ್ಕೆ ಪೂರ್ಣದೇಹದ ಬೆಲ್ಟನ್ನು ಜೋಡಿಸಿದಾಗ ಮಾತ್ರ ಅದು ಉಪಯುಕ್ತ. ಗಲ್ಲದ ಪಟ್ಟಿಯುಳ್ಳ ಹೆಲ್ಮೆಟ್ ಮತ್ತು ಜಾರದ ಪಾದರಕ್ಷೆ ಮಾತ್ರ ಎಲ್ಲೆಡೆಯೂ ಅಗತ್ಯ.

ಕಾನೂನು ಏನು ಹೇಳುತ್ತದೆ?

ಬೀಳುವ ಸಂಭವವಿರುವ ಎತ್ತರದಲ್ಲಿ ದುಡಿಯುವವರಿಗೆ ಬೇಲಿ ಅಥವಾ ಅನ್ಯ ರಕ್ಷಣೆ ಒದಗಿಸಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 32ನೇ ಕಲಂ ವಿಧಿಸಿತ್ತು. ಬಂದರು ಕಾರ್ಮಿಕರಿಗಾಗಿ 1986ರಲ್ಲಿ ಪ್ರತ್ಯೇಕ ಸುರಕ್ಷತಾ ಕಾಯ್ದೆ ಬಂದಿತು. ಇವೂ ಸೇರಿದಂತೆ 13 ಕಾನೂನುಗಳನ್ನು ಒಗ್ಗೂಡಿಸಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ದೇಶದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಅಪಾಯರಹಿತ ಕೆಲಸದ ಸ್ಥಳ ಒದಗಿಸುವುದು ಉದ್ಯೋಗದಾತನ ಕರ್ತವ್ಯವೆಂದು ಅದು ಹೇಳುತ್ತದೆ. ಆದರೆ ಅದು ಸಾಮಾನ್ಯವಾಗಿ 10 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಅಮೆರಿಕದಲ್ಲಿ ಸಾಮಾನ್ಯ ಉದ್ಯಮಗಳಲ್ಲಿ 4 ಅಡಿ ಎತ್ತರದಿಂದಲೇ ಬೀಳುವಿಕೆಯ ತಡೆ ಕಡ್ಡಾಯವಾಗಿದೆ.

ಹೊಣೆ ಯಾರದು?

ಹಮಾಲರ ವಿಷಯದಲ್ಲಿ ತೊಡಕಿರುವುದೇ ಇಲ್ಲಿ. ಲಾರಿ ಒಬ್ಬನದು, ಸರಕು ಇನ್ನೊಬ್ಬನದು, ಗೋದಾಮು ಮತ್ತೊಬ್ಬನದು. ಕೂಲಿ ಚೀಲದ ಲೆಕ್ಕದಲ್ಲಿ ಸಿಗುವುದರಿಂದ ನಿಧಾನವೆಂದರೆ ನಷ್ಟ. ಏಣಿ ತರಲು ಹಿಡಿಯುವ ಐದು ನಿಮಿಷ ಕಾರ್ಮಿಕನ ಜೇಬಿನಿಂದಲೇ ಹೋಗುತ್ತದೆ. ಈ ಕಾರಣಕ್ಕಾಗಿ ಏಣಿ, ಸೇತುಹಲಗೆ, ದೀಪಗಳು ಪ್ರಾಂಗಣದಲ್ಲಿ ಸಿದ್ಧವಾಗಿರಬೇಕೇ ಹೊರತು ಅವನ್ನು ಹುಡುಕುವ ಹೊರೆ ಹಮಾಲರ ಮೇಲೆ ಬೀಳಬಾರದು. ಮಹಾರಾಷ್ಟ್ರವು 1969ರಲ್ಲಿ, ಕೇರಳವು 1978ರಲ್ಲಿ ಹೊರೆ ಹೊರುವ ಕಾರ್ಮಿಕರಿಗಾಗಿಯೇ ಪ್ರತ್ಯೇಕ ಕಾಯ್ದೆಗಳನ್ನು ರೂಪಿಸಿದವು.

ಕರ್ನಾಟಕದಲ್ಲಿ ಹಮಾಲರು ರಾಜ್ಯ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯ ವ್ಯಾಪ್ತಿಗೆ ಬರುತ್ತಾರೆ. ಬ್ಯಾಂಕ್ ಖಾತೆಯಿರುವ 18ರಿಂದ 70 ವರ್ಷದವರು ವಾರ್ಷಿಕ 20 ರೂಪಾಯಿ ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೂ ಸೇರಬಹುದು. ಇದರಲ್ಲಿ ಅಪಘಾತದಿಂದ ಮರಣ ಸಂಭವಿಸಿದರೆ 2 ಲಕ್ಷ ರೂಪಾಯಿ ವಿಮೆಯಿದೆ.

ಯಾರಾದರೂ ಬಿದ್ದಾಗ

ಬಿದ್ದವನನ್ನು ಕೂಡಲೇ ಕೈಕಾಲು ಹಿಡಿದು ಎತ್ತಬಾರದು. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಇದರಿಂದ ಶಾಶ್ವತ ಪಾರ್ಶ್ವವಾಯು ಉಂಟಾಗಬಹುದು. ತಲೆ, ಕುತ್ತಿಗೆ ಅಲುಗದಂತೆ ಹಿಡಿದು, ರಕ್ತಸ್ರಾವವಿದ್ದರೆ ಬಟ್ಟೆಯಿಂದ ಒತ್ತಿ, 108ಕ್ಕೆ ಕರೆ ಮಾಡಬೇಕು. ನೀರು ಕುಡಿಸಬಾರದು. ಎದ್ದು ಕುಳಿತು ಮಾತನಾಡಿದರೂ ತಲೆಗೆ ಪೆಟ್ಟಾಗಿದ್ದಲ್ಲಿ ವೈದ್ಯರಿಗೆ ತೋರಿಸಲೇಬೇಕು. ವಾಂತಿ, ಮಂಪರು, ತೊದಲುವಿಕೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು. ಆ ದಿನ ಅವನನ್ನು ಮತ್ತೆ ಕೆಲಸಕ್ಕೆ ಹಚ್ಚಬಾರದು, ಒಂಟಿಯಾಗಿ ಮನೆಗೆ ಕಳುಹಿಸಲೂಬಾರದು.